ಎಳೆವಯಸ್ಸಿನ ಗ್ರಾಮೀಣ ಪೂರ್ವಜರ ಬದುಕನ್ನು ದಾಖಲೆಗಳಲ್ಲಿ ಪತ್ತೆಹಚ್ಚುವ ಕ್ರಮ: ಒಂದು ಸಮಗ್ರ ಮಾರ್ಗದರ್ಶಿ

ವಂಶಾವಳಿ ಬರೆಯಲು ಕುಳಿತ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಕಡೆ ಬರಿಯ ಹೆಸರೊಂದು ಎದುರಾಗುತ್ತದೆ. ಅದರ ಮುಂದೆ ‘ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ’, ‘ಊರು ಬಿಟ್ಟು ಹೋದ’, ‘ಸೈನ್ಯ ಸೇರಿದವನು ಮತ್ತೆ ಬರಲಿಲ್ಲ’ ಎಂಬ ಒಂದು ಮಾತಿನ ಹೊರತು ಇನ್ನೇನೂ ಇರುವುದಿಲ್ಲ. ಹಳ್ಳಿಯಲ್ಲಿ ಹುಟ್ಟಿ, ಇಪ್ಪತ್ತು ಇಪ್ಪತ್ತೈದು ವರ್ಷದೊಳಗೆ ಸತ್ತ ಅಥವಾ ಕಣ್ಮರೆಯಾದ ವ್ಯಕ್ತಿಯ ಬದುಕನ್ನು ಹುಡುಕುವುದು ವಂಶಶೋಧನೆಯಲ್ಲಿ ಅತ್ಯಂತ ಕಷ್ಟದ ಕೆಲಸಗಳಲ್ಲಿ ಒಂದು. ಆಸ್ತಿ, ಮದುವೆ, ತೆರಿಗೆ, ವ್ಯಾಜ್ಯ, ಉದ್ಯೋಗ ಇವೇ ಮನುಷ್ಯನ ಹೆಸರನ್ನು ಕಾಗದಕ್ಕೆ ತರುವ ಸಂಗತಿಗಳು, ಮತ್ತು ಎಳೆಯರಿಗೆ ಇವುಗಳಲ್ಲಿ ಹೆಚ್ಚಿನವು ಒದಗಿಯೇ ಇರುವುದಿಲ್ಲ.

ಹಾಗೆಂದು ಅವರ ಬಗ್ಗೆ ದಾಖಲೆಯೇ ಇಲ್ಲವೆಂದು ತೀರ್ಮಾನಿಸಬೇಕಾಗಿಲ್ಲ. ಅವರು ತಮ್ಮ ಕಾಗದಗಳಲ್ಲಿ ಸಿಗುವುದಿಲ್ಲ, ಇತರರ ಕಾಗದಗಳಲ್ಲಿ ಸಿಗುತ್ತಾರೆ: ತಂದೆಯ ಜಮೀನಿನ ಪತ್ರದಲ್ಲಿ, ಅಣ್ಣನ ಮದುವೆಯ ಸಾಕ್ಷಿಯ ಸಹಿಯಲ್ಲಿ, ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ. ಆದ್ದರಿಂದ ಈ ಹುಡುಕಾಟದುದ್ದಕ್ಕೂ ‘ಆ ಹುಡುಗನ ದಾಖಲೆ ಎಲ್ಲಿದೆ’ ಎಂದು ಕೇಳುವ ಬದಲು ‘ಆ ಹುಡುಗನ ಹೆಸರನ್ನು ಬರೆದಿಡುವ ಅಗತ್ಯ ಯಾರಿಗಿತ್ತು, ಏಕಿತ್ತು’ ಎಂದು ಕೇಳಬೇಕು. ಮುಂದಿನ ಹಂತಗಳೆಲ್ಲವೂ ಈ ಒಂದು ಪ್ರಶ್ನೆಯನ್ನು ಆಧರಿಸಿವೆ.

ಹಂತ 1: ಗೊತ್ತಿರುವುದನ್ನು ಮೂಲಸಹಿತ ಬರೆದುಕೊಳ್ಳಿ

ಒಬ್ಬ ವ್ಯಕ್ತಿಯನ್ನು ಮಾತ್ರ ಆರಿಸಿಕೊಳ್ಳಿ. ಇಡೀ ಮನೆತನವನ್ನು ಒಟ್ಟಿಗೆ ಹುಡುಕಲು ಹೊರಟರೆ ಎಳೆಯರೇ ಮೊದಲು ಕೈತಪ್ಪಿ ಹೋಗುತ್ತಾರೆ. ಒಂದು ಹಾಳೆಯಲ್ಲಿ ಆ ವ್ಯಕ್ತಿಯ ಬಗ್ಗೆ ಈಗ ತಿಳಿದಿರುವ ಪ್ರತಿಯೊಂದು ಸಂಗತಿಯನ್ನೂ ಒಂದೊಂದು ಸಾಲಿನಲ್ಲಿ ಬರೆದು, ಅದರ ಪಕ್ಕದಲ್ಲಿ ಅದು ತಿಳಿದದ್ದು ಎಲ್ಲಿಂದ ಎಂಬುದನ್ನೂ ನಮೂದಿಸಿ. ಕಾಗದದಲ್ಲಿ ಕಂಡದ್ದು, ಬಾಯಿಂದ ಕೇಳಿದ್ದು, ನೀವೇ ಊಹಿಸಿದ್ದು ಈ ಮೂರನ್ನೂ ಬೇರೆ ಬೇರೆ ಗುರುತಿನಿಂದ ಸೂಚಿಸಿ. ಕೆಲವು ತಿಂಗಳ ನಂತರ ಊಹೆ ಯಾವುದು, ಕೇಳಿದ್ದು ಯಾವುದು ಎಂಬುದು ನೆನಪಿನಲ್ಲಿ ಒಂದಾಗಿ ಬೆರೆತುಹೋಗುತ್ತದೆ. ಆಮೇಲೆ ಅವನ್ನು ಬಿಡಿಸುವುದು ಬಹಳ ಕಷ್ಟ.

ಅನಂತರ ಹುಟ್ಟು ಮತ್ತು ಸಾವಿಗೆ ಒಂದು ನಿರ್ದಿಷ್ಟ ವರ್ಷದ ಬದಲು ಒಂದು ಅವಧಿಯನ್ನು ಗೊತ್ತುಮಾಡಿ. ಅಣ್ಣ ಹುಟ್ಟಿದ ವರ್ಷ ಮತ್ತು ತಂಗಿ ಹುಟ್ಟಿದ ವರ್ಷ ಗೊತ್ತಿದ್ದರೆ ನಡುವಿನವನ ಹುಟ್ಟು ಆ ಎರಡರ ನಡುವೆ ಬರಬೇಕು. ಆತ ಯಾರದೋ ಮದುವೆಯಲ್ಲಿದ್ದನೆಂಬ ಖಚಿತ ನೆನಪಿದ್ದರೆ ಸಾವು ಅದರ ನಂತರದ್ದು. ಹೀಗೆ ಗೊತ್ತುಮಾಡಿದ ಹತ್ತು ವರ್ಷದ ಅವಧಿ ಖಚಿತವಲ್ಲದ ಒಂದು ವರ್ಷಕ್ಕಿಂತ ಹೆಚ್ಚು ಉಪಯುಕ್ತ, ಏಕೆಂದರೆ ತಪ್ಪು ವರ್ಷವನ್ನು ಹಿಡಿದು ಹೊರಟವರು ಸರಿಯಾದ ಪುಟವನ್ನು ತೆರೆಯುವುದೇ ಇಲ್ಲ.

ಹೆಸರಿನ ರೂಪಗಳ ಪಟ್ಟಿಯನ್ನೂ ಈಗಲೇ ಮಾಡಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಶಾಲೆಯಲ್ಲಿ ಕೊಟ್ಟ ಹೆಸರು, ಬೇರೆ ಭಾಷೆಯ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರಬಹುದಾದ ಹೆಸರು ಎಲ್ಲವೂ ಅದರಲ್ಲಿ ಇರಲಿ. ಮನೆತನದ ಹೆಸರು ಎಂಬುದು ಎಲ್ಲ ಕಡೆ ಸ್ಥಿರವಾಗಿರಲಿಲ್ಲ. ಸ್ವೀಡನ್ನಿನ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಬಹುಕಾಲದವರೆಗೆ ಆಂಡರ್ಸನ ಮಗ ನಿಲ್ಸನು ನಿಲ್ಸ್ ಆಂಡರ್ಸನ್ ಆಗುತ್ತಿದ್ದ, ನಿಲ್ಸನ ಮಕ್ಕಳ ಹೆಸರು ಮತ್ತೆ ಬೇರೆಯಾಗುತ್ತಿತ್ತು. ಐಸ್‌ಲ್ಯಾಂಡಿನಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ. ದಕ್ಷಿಣ ಭಾರತದಲ್ಲಿಯೂ ಊರಿನ ಹೆಸರು, ತಂದೆಯ ಹೆಸರು, ಕುಲದ ಹೆಸರು ಇವುಗಳಲ್ಲಿ ಯಾವುದು ವ್ಯಕ್ತಿಯ ಹೆಸರಿನೊಂದಿಗೆ ಸೇರುತ್ತದೆ ಎಂಬುದು ದಾಖಲೆಯಿಂದ ದಾಖಲೆಗೆ ಬದಲಾಗುತ್ತದೆ.

ಹಂತ 2: ಮನೆಯಲ್ಲಿರುವ ಕಾಗದಗಳನ್ನು ಪೂರ್ತಿಯಾಗಿ ನೋಡಿ

ಸರ್ಕಾರಿ ದಾಖಲಾಲಯಕ್ಕೆ ಹೋಗುವ ಮೊದಲು ಮನೆಯ ಪೆಟ್ಟಿಗೆ, ಅಟ್ಟ, ಬೀರುಗಳಲ್ಲಿ ಇರುವುದನ್ನು ಮುಗಿಸಬೇಕು. ನಿಮ್ಮ ಮನೆಯಲ್ಲಿ ಮಾತ್ರವಲ್ಲ, ಆ ವ್ಯಕ್ತಿಯ ಒಡಹುಟ್ಟಿದವರ ಸಂತತಿಯ ಮನೆಗಳಲ್ಲಿಯೂ ನೋಡಬೇಕು. ಮಕ್ಕಳಿಲ್ಲದೆ ತೀರಿಕೊಂಡವರ ಕಾಗದಗಳು ನೇರವಾಗಿ ಯಾರ ಕೈಗೂ ಇಳಿದು ಬರುವುದಿಲ್ಲ. ಹೆಚ್ಚಾಗಿ ಅವು ತಾಯಿಯ ಬಳಿ ಉಳಿದು, ತಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಂಡ ಮಗ ಅಥವಾ ಮಗಳ ಮನೆಗೆ ಸೇರಿರುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ಹುಡುಕಾಟದ ಅತ್ಯಂತ ಫಲವತ್ತಾದ ಪ್ರಶ್ನೆ ಇದು: ಆ ತಾಯಿ ಕೊನೆಗೆ ಯಾರ ಮನೆಯಲ್ಲಿದ್ದರು?

ಕಾಗದಗಳ ಕಟ್ಟನ್ನು ಬಿಚ್ಚುವ ಮುನ್ನ ಅದು ಇದ್ದ ಸ್ಥಿತಿಯಲ್ಲೇ ಒಂದು ಚಿತ್ರ ತೆಗೆದುಕೊಳ್ಳಿ. ಯಾವ ಕಾಗದದ ಜೊತೆ ಯಾವುದು ಇತ್ತು ಎಂಬುದೇ ಒಂದು ಸಾಕ್ಷ್ಯ. ಹೆಸರು ಬರೆಯದ ಭಾವಚಿತ್ರವೊಂದು ಸೈನ್ಯದಿಂದ ಬಂದ ಲಕೋಟೆಯೊಳಗೆ ಇದ್ದರೆ ಅದರ ಅರ್ಥವೇ ಬೇರೆ, ಆಲ್ಬಮ್ಮಿನಲ್ಲಿ ಸಿಕ್ಕರೆ ಬೇರೆ. ಲೆಕ್ಕದ ಪುಸ್ತಕಗಳನ್ನು ಪಕ್ಕಕ್ಕಿಡಬೇಡಿ. ಔಷಧಿಗೆ, ಶಾಲೆಯ ಶುಲ್ಕಕ್ಕೆ, ಪ್ರಯಾಣಕ್ಕೆ, ಅಂತ್ಯಕ್ರಿಯೆಗೆ ಆದ ಖರ್ಚಿನ ಸಾಲುಗಳು ಎಳೆಯರೊಬ್ಬರ ಕೊನೆಯ ವರ್ಷವನ್ನು ದಿನಾಂಕ ಸಮೇತ ಹೇಳಬಲ್ಲವು. ಧರ್ಮಗ್ರಂಥಗಳ ಮೊದಲ ಮತ್ತು ಕೊನೆಯ ಖಾಲಿ ಹಾಳೆಗಳಲ್ಲಿ ಜನನ ಮರಣಗಳನ್ನು ಬರೆದಿಡುವ ರೂಢಿ ಅನೇಕ ದೇಶಗಳಲ್ಲಿದೆ. ಅಲ್ಲಿ ಎಲ್ಲ ಹೆಸರುಗಳೂ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ ಯಾರೋ ಒಬ್ಬರು ಬಹಳ ಕಾಲದ ನಂತರ ಒಟ್ಟಿಗೆ ಕುಳಿತು ಬರೆದರೆಂದು ಅರ್ಥ, ಆದ್ದರಿಂದ ದಿನಾಂಕಗಳನ್ನು ನೆನಪಿನ ಮಾತುಗಳೆಂದೇ ಪರಿಗಣಿಸಬೇಕು. ಒಂದೊಂದು ಸಾಲೂ ಬೇರೆ ಬೇರೆ ಶಾಯಿಯಲ್ಲಿದ್ದರೆ ಆಯಾ ಕಾಲದಲ್ಲೇ ಬರೆದದ್ದಾಗಿರುವ ಸಂಭವ ಹೆಚ್ಚು.

ಭಾವಚಿತ್ರವನ್ನು ಮೊದಲು ಹಿಂಬದಿಯಿಂದ ಓದಿ. ಸ್ಟುಡಿಯೋದ ಮುದ್ರೆ, ಪೆನ್ಸಿಲ್ಲಿನಲ್ಲಿ ಬರೆದ ಸಂಖ್ಯೆ, ಕಾರ್ಡಿನ ಅಳತೆ ಎಲ್ಲವೂ ಕಾಲವನ್ನು ಸೂಚಿಸುತ್ತವೆ. ರಟ್ಟಿಗೆ ಅಂಟಿಸಿದ ಸಣ್ಣ ಅಳತೆಯ ಭಾವಚಿತ್ರಗಳು 1860ರ ದಶಕದಲ್ಲಿ ಬಹಳ ಜನಪ್ರಿಯವಾಗಿದ್ದವು. ಅದಕ್ಕಿಂತ ದೊಡ್ಡದಾದ ಕ್ಯಾಬಿನೆಟ್ ಕಾರ್ಡುಗಳು ಆ ದಶಕದ ಕೊನೆಯ ಭಾಗದಲ್ಲಿ ಬಂದು ಶತಮಾನದ ಕೊನೆಯವರೆಗೂ ಚಾಲ್ತಿಯಲ್ಲಿದ್ದವು. ಭಾವಚಿತ್ರವನ್ನು ಅಂಚೆ ಕಾರ್ಡಿನ ಮೇಲೆ ಮುದ್ರಿಸಿದ್ದರೆ ಅದರ ಹಿಂಬದಿ ಎರಡು ಭಾಗವಾಗಿದೆಯೇ ಎಂಬುದನ್ನು ಗಮನಿಸಿ. ವಿಳಾಸದ ಬದಿಯಲ್ಲೇ ಸಂದೇಶವನ್ನೂ ಬರೆಯಲು ಬ್ರಿಟನ್ನಿನಲ್ಲಿ 1902ರಲ್ಲಿ, ಅಮೆರಿಕದಲ್ಲಿ 1907ರಲ್ಲಿ ಅನುಮತಿ ದೊರೆಯಿತು, ಆದ್ದರಿಂದ ನಡುವೆ ಗೆರೆ ಇರುವ ಕಾರ್ಡು ಅದಕ್ಕಿಂತ ಹಿಂದಿನದಾಗಿರಲಾರದು. ಉಡುಪಿನಿಂದ ಅಂತಸ್ತನ್ನು ಊಹಿಸುವಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ಸ್ಟುಡಿಯೋಗಳು ಕೋಟು, ಕೈಗೋಲು, ಪುಸ್ತಕಗಳನ್ನು ಎರವಲಾಗಿ ಕೊಡುತ್ತಿದ್ದವು.

ಪ್ರತಿ ಕಾಗದದ ಎರಡೂ ಬದಿಗಳನ್ನು ಇಂಚಿಗೆ 600 ಚುಕ್ಕೆಗಳ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ, ಮೂಲವನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿಡಿ. ಭಾವಚಿತ್ರದ ಹಿಂದೆ ಹೆಸರು ಬರೆಯಬೇಕಾದರೆ ಮೆತ್ತನೆಯ ಪೆನ್ಸಿಲ್ಲನ್ನೇ ಬಳಸಿ. ಅಂಟುಹಾಳೆಯ ಆಲ್ಬಮ್ಮುಗಳನ್ನೂ ಸೆಲ್ಲೋಟೇಪನ್ನೂ ದೂರವಿಡಿ.

ಹಂತ 3: ಹಿರಿಯರನ್ನು ವಿಚಾರಿಸಿ

ಹಿರಿಯರನ್ನು ಇಸವಿ ಕೇಳಿದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಘಟನೆಗಳನ್ನು ಕೇಳಬೇಕು. ಆ ವರ್ಷ ಬರ ಇತ್ತೇ, ಊರಿಗೆ ರೈಲು ಬಂದಿತ್ತೇ, ಮನೆ ಕಟ್ಟುವ ಮುಂಚೆಯೋ ಆಮೇಲೋ, ನೀವು ಆಗ ಶಾಲೆಗೆ ಹೋಗುತ್ತಿದ್ದಿರೇ ಎಂಬ ಪ್ರಶ್ನೆಗಳಿಗೆ ಉತ್ತರ ಬರುತ್ತದೆ, ಮತ್ತು ಆ ಘಟನೆಗಳ ದಿನಾಂಕವನ್ನು ನೀವು ಬೇರೆಡೆಯಿಂದ ಕಂಡುಕೊಳ್ಳಬಹುದು. ಎಳೆಯರ ವಿಷಯದಲ್ಲಿ ಕೆಲಸದ ಬಗ್ಗೆ ವಿಚಾರಿಸುವುದು ವಿಶೇಷವಾಗಿ ಫಲಕಾರಿ: ದನ ಕಾಯುತ್ತಿದ್ದವರು ಯಾರು, ಬೇರೆಯವರ ಮನೆಯಲ್ಲಿ ಜೀತಕ್ಕೋ ಕಲಿಕೆಗೋ ಇದ್ದವರು ಯಾರು, ಪೇಟೆಗೆ ಹೋಗಿಬರುತ್ತಿದ್ದವರು ಯಾರು ಎಂದು ಕೇಳಿ. ಹಳೆಯ ಭಾವಚಿತ್ರವನ್ನು ಕೈಗೆ ಕೊಟ್ಟು ಸುಮ್ಮನೆ ಕುಳಿತರೆ ಅನೇಕರು ತಾವಾಗಿಯೇ ಮಾತಾಡತೊಡಗುತ್ತಾರೆ.

ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಮುದ್ರಣದ ಆರಂಭದಲ್ಲೇ ದಿನಾಂಕವನ್ನೂ ಮಾತಾಡುವವರ ಸಂಬಂಧವನ್ನೂ ಹೇಳಿಬಿಡಿ. ಒಂದೇ ಕಥೆಯನ್ನು ಇಬ್ಬರಿಂದ ಪ್ರತ್ಯೇಕವಾಗಿ ಕೇಳುವುದು ಒಳ್ಳೆಯದು, ಒಬ್ಬರ ಎದುರು ಇನ್ನೊಬ್ಬರು ಹೇಳಿದಾಗ ಹಿರಿಯರ ಮಾತೇ ಎಲ್ಲರ ಮಾತಾಗುತ್ತದೆ. ಆತ್ಮಹತ್ಯೆ, ಹೆರಿಗೆಯ ಸಾವು, ಮನೆಬಿಟ್ಟು ಓಡಿಹೋದದ್ದು, ಮದುವೆಗೆ ಮುಂಚಿನ ಮಗು ಇಂಥವು ಎಳೆಯರ ಬದುಕಿನಲ್ಲಿ ಹೆಚ್ಚಾಗಿ ಮುಚ್ಚಿಟ್ಟ ವಿಷಯಗಳಾಗಿರುತ್ತವೆ. ಹಿರಿಯರು ಮಾತು ತಿರುಗಿಸಿದರೆ ಒತ್ತಾಯಿಸಬಾರದು. ಮಾತು ತಿರುಗಿದ ಜಾಗವನ್ನು ಟಿಪ್ಪಣಿಯಲ್ಲಿ ಗುರುತಿಸಿಕೊಂಡರೆ ಸಾಕು.

ಹಂತ 4: ಸ್ಥಳವನ್ನು ಆಡಳಿತದ ಕಣ್ಣಿನಿಂದ ನೋಡಿ

ಹಳ್ಳಿಯ ಹೆಸರು ಗೊತ್ತಿದ್ದರೆ ಸಾಲದು, ಆ ಕಾಲದಲ್ಲಿ ಅದು ಯಾವ ಆಡಳಿತ ಘಟಕಕ್ಕೆ ಸೇರಿತ್ತು ಎಂಬುದು ಗೊತ್ತಾಗಬೇಕು. ಗಡಿಗಳು ಬದಲಾದರೂ ಹಳೆಯ ಕಡತಗಳು ಹಳೆಯ ಕೇಂದ್ರದಲ್ಲೇ ಉಳಿದಿರುತ್ತವೆ. ಒಂದೇ ಹೆಸರಿನ ಹಳ್ಳಿಗಳು ಒಂದೇ ಜಿಲ್ಲೆಯಲ್ಲಿ ಎರಡು ಮೂರು ಇರುವುದೂ ಸಾಮಾನ್ಯ. ಆ ಕಾಲದ ನಕಾಶೆಯೊಂದನ್ನು ಸಂಪಾದಿಸಿ, ಊರಿನಿಂದ ಕಾಲ್ನಡಿಗೆಯಲ್ಲಿ ಅರ್ಧ ದಿನದೊಳಗೆ ತಲುಪಬಹುದಾದ ಎಲ್ಲ ಊರುಗಳನ್ನೂ ಗುರುತಿಸಿ. ಹಳ್ಳಿಯ ಎಳೆಯರು ಶಾಲೆಗೆ, ಕೂಲಿಗೆ, ಮದುವೆಗೆ, ಸಂತೆಗೆ ಹೋದದ್ದು ಬಹುಪಾಲು ಈ ವರ್ತುಲದೊಳಗೇ, ಹಾಗಾಗಿ ನಿಮ್ಮ ಹುಡುಕಾಟ ಮೊದಲು ಅಲ್ಲಿ ನಡೆಯಬೇಕು.

ಹಂತ 5: ಬರೆದಿಡುವ ಅಗತ್ಯವಿದ್ದವರ ಬಳಿಗೆ ಹೋಗಿ

ಹುಟ್ಟನ್ನು ಬರೆದಿಟ್ಟವರು ಮೊದಲು ಧಾರ್ಮಿಕ ಸಂಸ್ಥೆಗಳು, ಆಮೇಲೆ ಸರ್ಕಾರ. ಇಂಗ್ಲೆಂಡಿನ ಚರ್ಚುಗಳು 1538ರಿಂದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪುಸ್ತಕ ಇಡಬೇಕಾಗಿತ್ತು, ಸರ್ಕಾರಿ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ಫ್ರಾನ್ಸಿನಲ್ಲಿ 1792ರಿಂದ ಪುರಸಭೆಗಳೇ ಈ ಕೆಲಸ ಮಾಡುತ್ತಿವೆ. ಸ್ಕಾಟ್ಲೆಂಡಿನಲ್ಲಿ 1855ರಿಂದ ಮರಣದ ನೋಂದಣಿಯಲ್ಲಿಯೂ ತಂದೆ ತಾಯಿಯರ ಹೆಸರು ಬರೆಯುತ್ತಾರೆ, ಆದ್ದರಿಂದ ಎಳೆವಯಸ್ಸಿನಲ್ಲಿ ಸತ್ತವರನ್ನು ಗುರುತಿಸುವುದು ಅಲ್ಲಿ ಸುಲಭ. ಭಾರತದಲ್ಲಿ ಜನನ ಮರಣ ನೋಂದಣಿಯನ್ನು ದೇಶದಾದ್ಯಂತ ಕಡ್ಡಾಯಗೊಳಿಸಿದ ಕಾಯಿದೆ 1969ರದು. ಅದಕ್ಕೂ ಹಿಂದಿನ ಹಳ್ಳಿಯ ಜನನಗಳಿಗೆ ಶಾಲೆ ಮತ್ತು ಜಮೀನಿನ ದಾಖಲೆಗಳನ್ನೇ ಹೆಚ್ಚಾಗಿ ನಂಬಬೇಕಾಗುತ್ತದೆ.

ಜನಗಣತಿಯ ಮನೆವಾರು ಹಾಳೆಗಳು ಸಿಗುವ ದೇಶಗಳಲ್ಲಿ ಅವು ಎಳೆಯರಿಗೆ ವರದಾನ, ಏಕೆಂದರೆ ಎಣಿಸುವವನು ವಯಸ್ಸನ್ನೂ ಅಂತಸ್ತನ್ನೂ ನೋಡದೆ ಎಲ್ಲರನ್ನೂ ಬರೆಯಬೇಕಾಗಿತ್ತು. ಬ್ರಿಟನ್ನಿನ 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಲು ಸೂಚನೆಯಿತ್ತು, ಆದ್ದರಿಂದ ಅಲ್ಲಿನ ‘20’ ಎಂಬ ಅಂಕಿ ಇಪ್ಪತ್ತರಿಂದ ಇಪ್ಪತ್ತನಾಲ್ಕರವರೆಗಿನ ಯಾವ ವಯಸ್ಸೂ ಆಗಿರಬಹುದು. ಮನೆಯ ಯಜಮಾನನಿಗೆ ಇರುವ ಸಂಬಂಧವನ್ನು 1851ರಿಂದ ಬರೆಯತೊಡಗಿದರು. ಅಮೆರಿಕದಲ್ಲಿ ಮನೆಯ ಯಜಮಾನನಷ್ಟೇ ಅಲ್ಲದೆ ಪ್ರತಿ ಸ್ವತಂತ್ರ ವ್ಯಕ್ತಿಯ ಹೆಸರನ್ನೂ ಬರೆದದ್ದು 1850ರಿಂದ. ಹದಿಹರೆಯದವರು ಸ್ವಂತ ಮನೆಯಲ್ಲಿ ಕಾಣದಿದ್ದರೆ ಸುತ್ತಲಿನ ಹೊಲಮನೆಗಳಲ್ಲಿ ‘ಆಳು’ ಎಂಬ ಹೆಸರಿನಡಿ ಹುಡುಕಿ. ಭಾರತದ ಜನಗಣತಿಯ ಮನೆವಾರು ಹಾಳೆಗಳನ್ನು ಸಾರ್ವಜನಿಕರು ನೋಡಲು ಅವಕಾಶವಿಲ್ಲ, ಜಪಾನಿನಲ್ಲಿಯೂ 1872ರ ಕುಟುಂಬ ನೋಂದಣಿ ಪುಸ್ತಕಗಳನ್ನು ತೋರಿಸುವುದಿಲ್ಲ.

ಹಳ್ಳಿಯ ಎಳೆಯರ ವಿಷಯದಲ್ಲಿ ಸ್ವೀಡನ್ನಿನಷ್ಟು ಸಮೃದ್ಧವಾದ ದಾಖಲೆ ಬೇರೆಡೆ ಸಿಗುವುದು ಅಪರೂಪ. 1686ರ ಚರ್ಚ್ ಕಾನೂನಿನ ಅನುಸಾರ ಪಾದ್ರಿಗಳು ಮನೆಮನೆಯವರನ್ನು ಪರೀಕ್ಷಿಸಿ, ಯಾರಿಗೆ ಓದಲು ಬರುತ್ತದೆ, ಯಾರಿಗೆ ಧರ್ಮಪಾಠ ಎಷ್ಟು ತಿಳಿದಿದೆ ಎಂದು ಬರೆದಿಡುತ್ತಿದ್ದರು. ಹೊಲದ ಆಳುಗಳಾಗಿ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ಹುಡುಗ ಹುಡುಗಿಯರ ಬರುವಿಕೆ ಹೋಗುವಿಕೆಗಳೂ ಪ್ರತ್ಯೇಕ ಪಟ್ಟಿಗಳಲ್ಲಿ ದಾಖಲಾಗುತ್ತಿದ್ದವು. ಒಬ್ಬ ಹುಡುಗಿ ಹದಿನಾರಕ್ಕೆ ಮನೆಬಿಟ್ಟು ಯಾವ ಯಾವ ಹೊಲಮನೆಯಲ್ಲಿ ದುಡಿದಳೆಂಬುದನ್ನು ಅಲ್ಲಿ ವರ್ಷವರ್ಷಕ್ಕೂ ಹಿಂಬಾಲಿಸಬಹುದು.

ಹಂತ 6: ಶಾಲೆಯ ಪುಸ್ತಕವನ್ನು ಸಾಲು ಸಾಲಾಗಿ ಓದಿ

ಶಾಲಾ ದಾಖಲಾತಿ ಪುಸ್ತಕಕ್ಕೆ ಹೆಚ್ಚಿನವರು ಜನ್ಮದಿನಾಂಕಕ್ಕಾಗಿ ಮಾತ್ರ ಹೋಗುತ್ತಾರೆ. ನಿಜಕ್ಕೂ ಆ ಸಾಲಿನಲ್ಲಿ ಅತ್ಯಂತ ದುರ್ಬಲವಾದ ಮಾಹಿತಿ ಅದೇ. ಮಗುವಿಗೆ ಶಾಲೆ ಸೇರುವ ವಯಸ್ಸಾಗಿದೆ ಎಂದು ತೋರಿಸಲು ಅಂದಾಜಿನ ದಿನಾಂಕ ಬರೆಯುವುದು ರೂಢಿಯಲ್ಲಿತ್ತು. ಒಂದೇ ಪುಟದಲ್ಲಿ ಹಲವು ಮಕ್ಕಳಿಗೆ ಜೂನ್ 1ರ ಜನ್ಮದಿನಾಂಕ ಕಂಡರೆ ಅದು ಬರೆದವರ ಅನುಕೂಲದ ದಿನಾಂಕವೆಂದು ತಿಳಿಯಬೇಕು.

ಉಳಿದ ಅಂಕಣಗಳನ್ನು ನೋಡಿ. ಒಬ್ಬ ಹುಡುಗನ ಸಾಲಿನಲ್ಲಿ ಪೋಷಕರ ಹೆಸರಿನ ಜಾಗದಲ್ಲಿ ತಂದೆಯ ಬದಲು ಸೋದರಮಾವನ ಹೆಸರಿದೆ ಎಂದುಕೊಳ್ಳೋಣ. ತಂದೆ ತೀರಿಕೊಂಡಿದ್ದರೇ, ಅಥವಾ ತಮ್ಮೂರಿನಲ್ಲಿ ಶಾಲೆಯಿಲ್ಲದ ಕಾರಣ ಹುಡುಗನನ್ನು ಮಾವನ ಊರಿನಲ್ಲಿ ಬಿಟ್ಟಿದ್ದರೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಪಕ್ಕದ ಕ್ರಮಸಂಖ್ಯೆಯಲ್ಲಿ ಅದೇ ದಿನ ಸೇರಿದ ಇನ್ನೊಂದು ಮಗುವಿಗೂ ಅದೇ ಪೋಷಕರಿದ್ದರೆ, ಅದು ನೀವು ಕೇಳಿಯೇ ಇರದ ಒಡಹುಟ್ಟಿದವರಾಗಿರಬಹುದು. ‘ಬಿಟ್ಟ ದಿನಾಂಕ’ ಮತ್ತು ‘ಮತ್ತೆ ಸೇರಿದ ದಿನಾಂಕ’ ಪ್ರತಿ ವರ್ಷ ಸುಗ್ಗಿಯ ಎರಡು ಬದಿಗೆ ಬಿದ್ದಿದ್ದರೆ ಹುಡುಗ ಹೊಲದಲ್ಲಿ ದುಡಿಯುತ್ತಿದ್ದನೆಂದು ತಿಳಿಯುತ್ತದೆ. ಕೊನೆಯ ಅಂಕಣದಲ್ಲಿ ‘ದೀರ್ಘ ಗೈರುಹಾಜರಿ’ ಎಂದಷ್ಟೇ ಬರೆದು ಹೆಸರು ಹೊಡೆದುಹಾಕಿದ್ದರೆ, ಅದೇ ತಿಂಗಳಲ್ಲಿ ಹೊಡೆದುಹಾಕಿದ ಬೇರೆ ಹೆಸರುಗಳಿವೆಯೇ ಎಂದು ಎಣಿಸಿ. ಒಂದೇ ಬಾರಿಗೆ ಹಲವು ಹೆಸರುಗಳು ಹೋಗಿದ್ದರೆ ಊರಿಗೆ ಕಾಯಿಲೆಯೋ ಬರವೋ ಬಂದಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು.

ಇಂಗ್ಲೆಂಡಿನಲ್ಲಿ ಸರ್ಕಾರದ ಅನುದಾನ ಪಡೆಯುವ ಶಾಲೆಗಳ ಮುಖ್ಯೋಪಾಧ್ಯಾಯರು 1860ರ ದಶಕದಿಂದ ದಿನಚರಿಯ ಪುಸ್ತಕ ಇಡಬೇಕಾಗಿತ್ತು. ಮಕ್ಕಳು ಆಲೂಗೆಡ್ಡೆ ಕೀಳಲು ಹೋದದ್ದು, ದಡಾರದಿಂದ ಶಾಲೆ ಮುಚ್ಚಿದ್ದು ಎಲ್ಲವೂ ಅವುಗಳಲ್ಲಿವೆ. ನಿಮ್ಮ ಪೂರ್ವಜರ ಹೆಸರು ಅಲ್ಲಿ ಇಲ್ಲದಿದ್ದರೂ ಅವರು ಕಳೆದ ದಿನಗಳು ಅಲ್ಲಿ ಇರುತ್ತವೆ.

ಹಂತ 7: ಊರು ಬಿಟ್ಟ ಎಳೆಯರನ್ನು ಹಿಂಬಾಲಿಸಿ

ಹಳ್ಳಿಯಿಂದ ಹೊರಗೆ ಹೋದ ತರುಣರ ಬಗ್ಗೆ ಹಳ್ಳಿಯಲ್ಲಿ ಇರುವುದಕ್ಕಿಂತ ಹೆಚ್ಚು ಮಾಹಿತಿ ಹೊರಗೇ ಸಿಗುತ್ತದೆ, ಏಕೆಂದರೆ ಗುರುತಿಲ್ಲದವರನ್ನು ಗುರುತಿಸಬೇಕಾದ ಅಧಿಕಾರಿಗಳು ವಿವರವಾಗಿ ಬರೆದುಕೊಳ್ಳುತ್ತಿದ್ದರು. ಇದಕ್ಕೆ ಸೈನ್ಯದ ಕಡತಗಳೇ ಒಳ್ಳೆಯ ನಿದರ್ಶನ. ಫ್ರಾನ್ಸಿನಲ್ಲಿ ಇಪ್ಪತ್ತು ತುಂಬುವ ಪ್ರತಿ ಹುಡುಗನ ಹೆಸರೂ ಸೈನಿಕ ನೇಮಕಾತಿಯ ಪುಸ್ತಕಕ್ಕೆ ಹೋಗುತ್ತಿತ್ತು. ಎತ್ತರ, ಕೂದಲು ಮತ್ತು ಕಣ್ಣಿನ ಬಣ್ಣ, ಕಸುಬು, ತಂದೆ ತಾಯಿ, ಓದುಬರಹದ ಮಟ್ಟ ಎಲ್ಲವನ್ನೂ ಬರೆಯುತ್ತಿದ್ದರು. ಭಾವಚಿತ್ರವೇ ಇಲ್ಲದ ರೈತನ ಮಗನ ಮುಖಚಹರೆ ಹೀಗೆ ಉಳಿದುಬಂದಿದೆ. ಅಮೆರಿಕದಲ್ಲಿ 1917 ಮತ್ತು 1918ರಲ್ಲಿ ಸುಮಾರು 2.4 ಕೋಟಿ ಗಂಡಸರು ಸೈನಿಕ ನೋಂದಣಿಯ ಕಾರ್ಡು ತುಂಬಿದರು, ಅವರಲ್ಲಿ ಬಹುಪಾಲು ಜನ ಸೈನ್ಯಕ್ಕೆ ಹೋಗಲೇ ಇಲ್ಲ. ‘ನಮ್ಮವರು ಸೈನಿಕರಲ್ಲ’ ಎಂಬ ಕಾರಣಕ್ಕೆ ಈ ಕಾರ್ಡುಗಳನ್ನು ಬಿಟ್ಟುಬಿಡಬಾರದು.

ಯುದ್ಧದಲ್ಲಿ ಮಡಿದವರಿಗಾಗಿ 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹುಡುಕಬಹುದು. ಮೊದಲ ಮಹಾಯುದ್ಧದಲ್ಲಿ ಸತ್ತ ಅನೇಕ ಭಾರತೀಯ ಸೈನಿಕರ ತಂದೆಯ ಹೆಸರು ಮತ್ತು ಹಳ್ಳಿಯ ಹೆಸರು ಅದರಲ್ಲಿವೆ. ಹೆಸರಿನ ಕಾಗುಣಿತ ವಿಚಿತ್ರವಾಗಿರುವುದರಿಂದ ರೆಜಿಮೆಂಟ್ ಅಥವಾ ಊರಿನ ಹೆಸರಿನಿಂದ ಹುಡುಕುವುದು ಹೆಚ್ಚು ಫಲ ಕೊಡುತ್ತದೆ.

ಕೂಲಿಗಾಗಿ ಕಡಲು ದಾಟಿದವರ ದಾಖಲೆಗಳು ಇನ್ನೂ ಮನಕಲಕುವಂಥವು. ಮಾರಿಷಸ್ಸಿಗೆ 1834ರಿಂದ, ದಕ್ಷಿಣ ಆಫ್ರಿಕಾದ ನಟಾಲಿಗೆ 1860ರಿಂದ, ಫಿಜಿಗೆ 1879ರಿಂದ ಭಾರತದ ಕರಾರು ಕೂಲಿಗಳು ಹೋದರು, ಅವರಲ್ಲಿ ಹೆಚ್ಚಿನವರು ಹಳ್ಳಿಗಳ ತರುಣ ತರುಣಿಯರು. ಹಡಗು ಹತ್ತುವ ಮುನ್ನ ಕೊಡುತ್ತಿದ್ದ ವಲಸೆ ಚೀಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಹಳ್ಳಿ, ಜಿಲ್ಲೆ, ಎತ್ತರ, ಮೈಮೇಲಿನ ಗುರುತು ಇವುಗಳನ್ನು ಬರೆಯುತ್ತಿದ್ದರು. ಮಾರಿಷಸ್ಸಿನ ಮೋಕಾದಲ್ಲಿರುವ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಈ ಕೂಲಿಗಳ ಪುಸ್ತಕಗಳಿವೆ, ಅವರಲ್ಲಿ ಅನೇಕರ ಭಾವಚಿತ್ರಗಳೂ ಇವೆ. ಅಮೆರಿಕಕ್ಕೆ ಹೋದವರ ಹಡಗುಪಟ್ಟಿಗಳಲ್ಲಿ 1907ರಿಂದ ಹುಟ್ಟೂರಿನಲ್ಲಿರುವ ಹತ್ತಿರದ ಬಂಧುವಿನ ಹೆಸರು ಮತ್ತು ವಿಳಾಸವನ್ನು ಕೇಳತೊಡಗಿದರು. ಹಳ್ಳಿಗೂ ಹೊರನಾಡಿಗೂ ನಡುವೆ ಕಡಿದುಹೋದ ಎಳೆಯನ್ನು ಕೂಡಿಸಲು ಈ ಒಂದು ಅಂಕಣ ಸಾಕಾಗುತ್ತದೆ.

ಹಂತ 8: ಹುಡುಗಿಯರ ಹುಡುಕಾಟಕ್ಕೆ ಬೇರೆ ದಾರಿ ಹಿಡಿಯಿರಿ

ಹೆಣ್ಣುಮಕ್ಕಳನ್ನು ಹುಡುಕುವಾಗ ಹೆಸರನ್ನು ನೆಚ್ಚಿಕೊಂಡರೆ ಸೋಲು ಖಂಡಿತ. ಮದುವೆಯ ನಂತರ ಮನೆತನದ ಹೆಸರು ಬದಲಾಗುತ್ತದೆ, ಕೆಲವು ಸಮುದಾಯಗಳಲ್ಲಿ ಇಟ್ಟ ಹೆಸರೇ ಬದಲಾಗುತ್ತದೆ. ಎಷ್ಟೋ ದಾಖಲೆಗಳಲ್ಲಿ ಆಕೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಇರುತ್ತಾಳೆ. ಆದ್ದರಿಂದ ಆಕೆಯ ಸುತ್ತಲಿನ ಗಂಡಸರ ಪಟ್ಟಿ ಮಾಡಿ, ಅವರ ದಾಖಲೆಗಳಲ್ಲಿ ಆಕೆಯನ್ನು ಹುಡುಕಬೇಕು: ತಂದೆ, ಅಣ್ಣತಮ್ಮಂದಿರು, ಗಂಡ, ಗಂಡನ ತಂದೆ, ಮಗ. ಗಂಡ ಎರಡನೆಯ ಮದುವೆಯಾದ ದಿನಾಂಕ ಸಿಕ್ಕರೆ, ಅದು ಆಕೆಯ ಸಾವಿಗೆ ಕೊನೆಯ ಮಿತಿಯಾಗಬಹುದು. ಕೊನೆಯ ಮಗುವಿನ ಹುಟ್ಟು ಮತ್ತು ತಾಯಿಯ ಸಾವು ಒಂದೇ ವಾರದಲ್ಲಿ ಬಿದ್ದಿದ್ದರೆ ಕಾರಣವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ತವರಿನ ಕಡೆಯವರು ಮಗುವಿನ ದೀಕ್ಷಾಸ್ನಾನಕ್ಕೋ ನಾಮಕರಣಕ್ಕೋ ಸಾಕ್ಷಿಗಳಾಗಿ ಬಂದಿದ್ದರೆ ಅವರ ಹೆಸರಿನಿಂದ ಆಕೆಯ ಹುಟ್ಟಿದ ಮನೆ ತಿಳಿಯುತ್ತದೆ.

ಹಂತ 9: ಸಾವನ್ನೂ ಸಾವಿನ ನಂತರದ ಕಾಗದಗಳನ್ನೂ ನೋಡಿ

ಮರಣ ನೋಂದಣಿ, ಸ್ಮಶಾನದ ಪುಸ್ತಕ, ಸಮಾಧಿಕಲ್ಲು ಇವು ಎಲ್ಲರಿಗೂ ಹೊಳೆಯುವ ಮೂಲಗಳು. ಜಮೀನಿನ ಕಾಗದಗಳು ಅಷ್ಟಾಗಿ ಹೊಳೆಯುವುದಿಲ್ಲ. ಭಾರತದಲ್ಲಿ ಖಾತೆದಾರ ತೀರಿಕೊಂಡಾಗ ಆಗುವ ಪೌತಿ ಖಾತೆ ಬದಲಾವಣೆ ಮತ್ತು ಅಣ್ಣತಮ್ಮಂದಿರ ಪಾಲುಪತ್ರ ಇವೆರಡೂ ವಾರಸುದಾರರನ್ನು ಹೆಸರಿಸುತ್ತವೆ. ಮೊದಲ ಪತ್ರದಲ್ಲಿ ನಾಲ್ಕು ಗಂಡುಮಕ್ಕಳಿದ್ದು ಎರಡನೆಯದರಲ್ಲಿ ಮೂವರೇ ಇದ್ದರೆ, ನಾಲ್ಕನೆಯವನು ಆ ಎರಡು ದಿನಾಂಕಗಳ ನಡುವೆ ಸತ್ತಿರಬೇಕು, ಹಕ್ಕು ಬಿಟ್ಟುಕೊಟ್ಟಿರಬೇಕು ಅಥವಾ ಊರು ಬಿಟ್ಟಿರಬೇಕು. ಆತನ ಪಾಲು ಯಾರಿಗೆ ಹೋಯಿತೆಂಬುದನ್ನು ನೋಡಿ. ಎಳೆಯ ವಿಧವೆಯೊಬ್ಬಳ ಹೆಸರಿಗೆ ಜೀವನಾಂಶದ ತುಂಡು ಜಮೀನು ಹೋಗಿದ್ದರೆ ಆತನಿಗೆ ಮದುವೆಯಾಗಿತ್ತು ಎಂಬುದು ಅಲ್ಲಿಯೇ ತಿಳಿಯುತ್ತದೆ.

ಸಾವಿನ ವರ್ಷ ಗೊತ್ತಾದರೆ ಆ ವರ್ಷದಲ್ಲಿ ಸುತ್ತಲೂ ಏನಾಗುತ್ತಿತ್ತು ಎಂಬುದನ್ನು ಓದಿಕೊಳ್ಳಿ. 1918ರ ಇನ್‌ಫ್ಲುಯೆಂಜಾ ಇತರ ಜ್ವರಗಳಂತಲ್ಲದೆ ಇಪ್ಪತ್ತರಿಂದ ನಲವತ್ತರ ವಯಸ್ಸಿನ ಗಟ್ಟಿಮುಟ್ಟಾದವರನ್ನೇ ಹೆಚ್ಚಾಗಿ ಬಲಿ ತೆಗೆದುಕೊಂಡಿತು, ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು. 1918ರ ಕೊನೆಯ ತಿಂಗಳುಗಳಲ್ಲಿ ಸತ್ತ ತರುಣನ ಬಗ್ಗೆ ಈ ಸಾಧ್ಯತೆಯನ್ನು ಮೊದಲು ಪರಿಶೀಲಿಸುವುದು ಸಹಜ, ಆದರೆ ದಾಖಲೆಯಲ್ಲಿ ಕಾರಣ ಇಲ್ಲದಿದ್ದರೆ ಅದನ್ನು ಸಾಧ್ಯತೆಯೆಂದೇ ಬರೆಯಬೇಕು.

ಹಂತ 10: ಸಾಕ್ಷ್ಯಗಳನ್ನು ತೂಗಿ ನೋಡಿ

ಎಳೆಯರ ವಿಷಯದಲ್ಲಿ ಪದೇ ಪದೇ ಎದುರಾಗುವ ತೊಡಕು ಹೆಸರಿನ ಪುನರಾವರ್ತನೆ. ಮಗುವೊಂದು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರನ್ನಿಡುವ ರೂಢಿ ಅನೇಕ ದೇಶಗಳಲ್ಲಿತ್ತು. ಹಾಗಾಗಿ ಸಿಕ್ಕಿದ ಜನನ ದಾಖಲೆ ನಿಮ್ಮ ಪೂರ್ವಜರದೇ, ಅದೇ ಹೆಸರಿನ ಸತ್ತ ಅಣ್ಣನದೇ ಎಂದು ತಿಳಿಯಲು ಆ ದಿನದಿಂದ ಮುಂದಿನ ಐದಾರು ವರ್ಷಗಳ ಮರಣ ಪುಸ್ತಕವನ್ನು ನೋಡಲೇಬೇಕು. ಇದೇ ರೀತಿ ಊರಿನಲ್ಲಿ ಅದೇ ಹೆಸರಿನ, ಸುಮಾರು ಅದೇ ವಯಸ್ಸಿನ ದಾಯಾದಿಯೊಬ್ಬರು ಇರುತ್ತಾರೆ. ಅವರ ಬದುಕನ್ನೂ ಸಮಾನಾಂತರವಾಗಿ ಬರೆದುಕೊಂಡು ಹೋಗದೆ ಇಬ್ಬರನ್ನೂ ಬೇರ್ಪಡಿಸಲು ಸಾಧ್ಯವಾಗುವುದಿಲ್ಲ.

ಎರಡು ದಾಖಲೆಗಳು ಪರಸ್ಪರ ವಿರುದ್ಧವಾಗಿದ್ದರೆ ಯಾವುದನ್ನು ಘಟನೆಯ ಹತ್ತಿರದ ಕಾಲದಲ್ಲಿ ಬರೆದರು, ಮಾಹಿತಿ ಕೊಟ್ಟವರು ಕಣ್ಣಾರೆ ಕಂಡವರೇ, ಸುಳ್ಳು ಹೇಳುವುದರಿಂದ ಅವರಿಗೆ ಏನಾದರೂ ಲಾಭವಿತ್ತೇ ಎಂದು ಕೇಳಿಕೊಳ್ಳಿ. ಸೈನ್ಯಕ್ಕೆ ಸೇರಬಯಸಿದ ಹದಿನಾರರ ಹುಡುಗ ವಯಸ್ಸನ್ನು ಏರಿಸಿ ಹೇಳುತ್ತಾನೆ, ಶಾಲೆಗೆ ಸೇರಿಸುವ ತಂದೆ ಅಂದಾಜಿನಲ್ಲಿ ಹೇಳುತ್ತಾನೆ, ಸಮಾಧಿಕಲ್ಲಿನ ಬರಹ ಕೆಲವೊಮ್ಮೆ ಸಾವಿನ ಎಷ್ಟೋ ವರ್ಷಗಳ ನಂತರದ್ದು. ಪಂಚಾಂಗದ ವ್ಯತ್ಯಾಸವನ್ನೂ ಗಮನಿಸಿ: ಇಂಗ್ಲೆಂಡಿನಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಬಂತು, ರಷ್ಯಾದಲ್ಲಿ 1918ರ ಜನವರಿ 31ರ ಮರುದಿನ ಫೆಬ್ರವರಿ 14 ಆಯಿತು. ದಾಖಲೆಯಲ್ಲಿರುವ ದಿನಾಂಕವನ್ನು ಇದ್ದಂತೆಯೇ ನಕಲು ಮಾಡಿ, ಬದಲಾಯಿಸಿದ ದಿನಾಂಕವನ್ನು ಪಕ್ಕದಲ್ಲಿ ಬರೆಯಿರಿ.

ದಾಖಲೆ ನಾಶವಾಗಿದ್ದರೆ

ಕೆಲವು ಕೊರತೆಗಳನ್ನು ಯಾರೂ ತುಂಬಲಾರರು. ಅಮೆರಿಕದ 1890ರ ಗಣತಿಯ ಹಾಳೆಗಳಲ್ಲಿ ಬಹುಪಾಲು 1921ರ ಬೆಂಕಿಯ ನಂತರ ಉಳಿಯಲಿಲ್ಲ. ಐರ್ಲೆಂಡಿನ ದಾಖಲಾಲಯ 1922ರಲ್ಲಿ ಡಬ್ಲಿನ್ನಿನಲ್ಲಿ ಸುಟ್ಟುಹೋಯಿತು, ಆದರೂ 1901 ಮತ್ತು 1911ರ ಗಣತಿಗಳು ಪೂರ್ತಿಯಾಗಿ ಉಳಿದಿವೆ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕೂ ಹೆಚ್ಚು ಭಾಗ 1940ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಇಂಥ ಸಂದರ್ಭದಲ್ಲಿ ಅದೇ ಮಾಹಿತಿಯ ಇನ್ನೊಂದು ಪ್ರತಿ ಬೇರೆ ಕಚೇರಿಗೆ ಹೋಗಿತ್ತೇ ಎಂದು ವಿಚಾರಿಸಿ: ಚರ್ಚಿನ ಪುಸ್ತಕದ ನಕಲು ಬಿಷಪ್ಪರ ಕಚೇರಿಗೆ, ಹಳ್ಳಿಯ ಲೆಕ್ಕದ ನಕಲು ಜಿಲ್ಲಾ ಕೇಂದ್ರಕ್ಕೆ, ಸೈನಿಕನ ಪಿಂಚಣಿಯ ಅರ್ಜಿ ಬೇರೆ ಇಲಾಖೆಗೆ ಹೋಗುತ್ತಿತ್ತು. 1938ರಿಂದ ಜಗತ್ತಿನ ಅನೇಕ ದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತ ಬಂದ ಫ್ಯಾಮಿಲಿಸರ್ಚ್ ಸಂಸ್ಥೆಯ ಸಂಗ್ರಹವನ್ನು ಉಚಿತವಾಗಿ ನೋಡಬಹುದು. ಸೂಚಿಯಲ್ಲಿ ಹೆಸರು ಸಿಗದಿದ್ದರೂ ಊರಿನ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿ, ಏಕೆಂದರೆ ಸೂಚಿ ಮಾಡಿದವರು ತಪ್ಪಾಗಿ ಓದಿರುವ ಹೆಸರುಗಳು ಬಹಳ.

ಹಂತ 11: ಬದುಕನ್ನು ಬರೆದಿಡಿ

ಸಿಕ್ಕಿದ್ದನ್ನೆಲ್ಲ ವರ್ಷವಾರು ಜೋಡಿಸಿ, ಪ್ರತಿ ಸಂಗತಿಗೂ ಅದರ ಮೂಲ, ಪುಟ, ನೋಡಿದ ದಿನಾಂಕವನ್ನು ಕೊಡಿ. ಹುಡುಕಿ ಸಿಗದ ಪುಸ್ತಕಗಳ ಪಟ್ಟಿಯನ್ನೂ ಸೇರಿಸಿ. ‘ಈ ಊರಿನ ಈ ವರ್ಷಗಳ ಮರಣ ಪುಸ್ತಕದಲ್ಲಿ ಹೆಸರಿಲ್ಲ’ ಎಂಬ ಒಂದು ಸಾಲು ನಿಮ್ಮ ನಂತರ ಈ ಕೆಲಸ ಮುಂದುವರಿಸುವವರಿಗೆ ಎಷ್ಟೋ ದಿನಗಳ ಶ್ರಮವನ್ನು ಉಳಿಸುತ್ತದೆ. ಖಾಲಿ ಉಳಿದ ವರ್ಷಗಳನ್ನು ಕಲ್ಪನೆಯಿಂದ ತುಂಬದೆ ಖಾಲಿಯಾಗಿಯೇ ಬಿಡಿ. ಆ ವರ್ಷಗಳಲ್ಲಿ ಊರಿನಲ್ಲಿ ನಡೆದದ್ದನ್ನು ಪ್ರತ್ಯೇಕವಾಗಿ ಹೇಳಬಹುದು, ಆದರೆ ‘ಆತ ಅದನ್ನು ಕಂಡಿರಬೇಕು’ ಎಂಬ ವಾಕ್ಯವನ್ನು ಬರೆಯುವಾಗ ಅದು ನಿಮ್ಮ ಊಹೆಯೆಂಬುದು ಓದುಗರಿಗೆ ಸ್ಪಷ್ಟವಾಗಿ ತಿಳಿಯುವಂತಿರಬೇಕು.

ಬದುಕಿರುವವರ ಹೆಸರು, ಜನ್ಮದಿನಾಂಕ, ಆಸ್ತಿಯ ವಿವರಗಳನ್ನು ಹಂಚುವ ಪ್ರತಿಯಿಂದ ತೆಗೆದುಹಾಕಿ. ಹಿರಿಯರು ನಂಬಿ ಹೇಳಿದ ಗುಟ್ಟಿನ ಸಂಗತಿಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬೇಡಿ, ಅವು ಪ್ರತ್ಯೇಕ ಕಡತದಲ್ಲಿರಲಿ. ಬರೆದ ಪ್ರತಿಯನ್ನು ಮುದ್ರಿಸಿ, ಸ್ಕ್ಯಾನ್ ಮಾಡಿದ ಕಡತಗಳೊಂದಿಗೆ ಕನಿಷ್ಠ ಮೂರು ಬೇರೆ ಬೇರೆ ಮನೆಗಳಲ್ಲಿ ಇರಿಸಿ. ಅವುಗಳಲ್ಲಿ ಒಂದು ಆ ವ್ಯಕ್ತಿಯ ಅಕ್ಕ ಅಥವಾ ತಂಗಿಯ ಸಂತತಿಯವರ ಮನೆಯಾಗಿರಲಿ, ಏಕೆಂದರೆ ಕಾಣೆಯಾದ ಪತ್ರವೊಂದು ಮುಂದೆ ಸಿಗುವುದಾದರೆ ಅಲ್ಲೇ ಸಿಗುವ ಸಂಭವ ಹೆಚ್ಚು, ಮತ್ತು ಅದು ಯಾರ ಪತ್ರವೆಂದು ಗುರುತಿಸಲು ಬೇಕಾದ ವಿವರ ಆ ಹೊತ್ತಿಗೆ ಅವರ ಕೈಯಲ್ಲಿರುತ್ತದೆ.